ಮದುವೆ ವಿಡಿಯೊ ಟಿವಿಯಲ್ಲಿ ಯಾಕೆ ಮಂಕು?

ಹೊಸ ಫೋನಿನಲ್ಲಿ ತೆಗೆದ ಎಚ್‌ಡಿಆರ್ ವಿಡಿಯೊ ಆ ಫೋನಿನಲ್ಲೇ ನೋಡಿದರೆ ಝಗಮಗ. ಅದನ್ನೇ ಊರಿನ ಹಳೇ ಟಿವಿಗೆ ಹಾಕಿ, ಎಲ್ಲರ ಮುಖಕ್ಕೂ ಬೂದಿ ಬಳಿದಂತಿರುತ್ತೆ. ತಂಗಿ ಮದುವೆ ವಿಡಿಯೊ ನೋಡಿ ನಮ್ಮಮ್ಮ ಕೇಳಿದ್ದು ಒಂದೇ ಮಾತು: "ಹೊಸಾ ರೇಷ್ಮೆ ಸೀರೆ ಕಣೋ, ಹತ್ತು ಸಲ ಒಗೆದ ಹಾಗಿದೆಯಲ್ಲೋ!"

ಮಾಮೂಲಿ ವಿಡಿಯೊ ಸುಮಾರು 100 ನಿಟ್ಸ್ ಬೆಳಕನ್ನು ಲೆಕ್ಕಕ್ಕಿಟ್ಟುಕೊಂಡು ತಯಾರಾಗುತ್ತೆ. ಎಚ್‌ಡಿಆರ್‌ನ ಪಿಕ್ಯೂ ಮಾದರಿಯಲ್ಲಿ 10,000 ನಿಟ್ಸ್‌ವರೆಗೂ ಜಾಗವಿದೆ. ಬಣ್ಣಗಳ ಹರವೂ ದೊಡ್ಡದು. ಹಳೇ ಟಿವಿಗೆ ಇದೆಲ್ಲ ಅರ್ಥವಾಗಲ್ಲ. ಅದಕ್ಕೆ ತಕ್ಕಂತೆ ಬೆಳಕು, ಬಣ್ಣ ಎರಡನ್ನೂ ಇಳಿಸಿಕೊಡಬೇಕು. ಇದೇ ಟೋನ್ ಮ್ಯಾಪಿಂಗ್.

ಲೆಕ್ಕ ಕಷ್ಟದ್ದಲ್ಲ, ವಿಪರೀತ ಜಾಸ್ತಿ ಅಷ್ಟೇ. 4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಅಂದರೆ ಹತ್ತಿರಹತ್ತಿರ 50 ಕೋಟಿ. ನನ್ನ ಲ್ಯಾಪ್‌ಟಾಪಿನ ಸಿಪಿಯು ಫ್ಯಾನ್ ಗಿರಗಿರ ಅನ್ನಿಸಿಕೊಂಡೂ ಸೆಕೆಂಡಿಗೆ ಐದಾರು ಫ್ರೇಮ್ ದಾಟಲಿಲ್ಲ.

ಆದರೆ ಒಂದು ಪಿಕ್ಸೆಲ್‌ನ ಲೆಕ್ಕ ಪಕ್ಕದ್ದಕ್ಕೆ ಕಾಯಬೇಕಿಲ್ಲ. ಸಿಪಿಯು ಅಂದರೆ ನುರಿತ ನಾಲ್ಕೈದು ಅಡುಗೆ ಭಟ್ಟರು, ಏನು ಕೇಳಿದರೂ ಮಾಡ್ತಾರೆ. ಜಿಪಿಯು ಅಂದರೆ ಪಂಕ್ತಿಯಲ್ಲಿ ಬಡಿಸೋ ಸಾವಿರಾರು ಹುಡುಗರು. ಗೊತ್ತಿರೋದು ಒಂದೇ ಕೆಲಸ, ಆದರೆ ಎಲ್ಲಾ ಎಲೆಗೂ ಒಟ್ಟಿಗೇ ಬೀಳುತ್ತೆ.

ಟೋನ್ ಮ್ಯಾಪಿಂಗನ್ನಷ್ಟೇ ಜಿಪಿಯುಗೆ ಹಾಕಿದರೆ ಅಂದುಕೊಂಡಷ್ಟು ವೇಗ ಸಿಗಲ್ಲ. ಸಿಪಿಯು ಬಿಡಿಸಿಟ್ಟ ಒಂದೊಂದು 4ಕೆ ಫ್ರೇಮ್ ಸುಮಾರು 25 ಎಂಬಿ. ಅದನ್ನು ಗ್ರಾಫಿಕ್ಸ್ ಕಾರ್ಡಿಗೆ ಸಾಗಿಸು, ಮತ್ತೆ ವಾಪಸ್ ತಾ. ಸೆಕೆಂಡಿಗೆ 60 ಫ್ರೇಮ್ ಆದರೆ ಹೋಗೋಕೇ 1.5 ಜಿಬಿ! ಅಡುಗೆಮನೆ ಒಂದು ಬೀದಿಯಲ್ಲಿ, ಪಂಕ್ತಿ ಇನ್ನೊಂದು ಬೀದಿಯಲ್ಲಿ ಇದ್ದಂತೆ. ಸಾಲದ್ದಕ್ಕೆ ಕೊನೆಗೆ ಮತ್ತೆ ಎನ್‌ಕೋಡ್ ಮಾಡೋದೂ ಅದೇ ಬಡಪಾಯಿ ಸಿಪಿಯು.

ಎನ್ವಿಡಿಯಾ ಕಾರ್ಡುಗಳಲ್ಲಿ ವಿಡಿಯೊ ಬಿಡಿಸೋಕೆ ಎನ್‌ವಿಡೆಕ್, ಮತ್ತೆ ಕಟ್ಟೋಕೆ ಎನ್‌ವಿಎನ್‌ಸಿ ಅಂತ ಬೇರೆಯೇ ಯಂತ್ರಾಂಗಗಳಿವೆ. ಮೂರೂ ಕೆಲಸ ಕಾರ್ಡಿನ ಮೆಮೊರಿಯಲ್ಲೇ ಮುಗಿಸಿದರೆ ಒಳಗೆ ಹೋಗಿ ಹೊರಗೆ ಬರೋದು ಕಂಪ್ರೆಸ್ ಆದ ಪುಟ್ಟ ಡೇಟಾ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಇದ್ದೂ ನಿಧಾನ ಅನ್ನೋರು ಮೊದಲು ನೋಡಬೇಕಾದ್ದು ಇದನ್ನೇ.

ಇನ್ನು, ಎಷ್ಟು ಬೆಳಕು ಇಳಿಸಬೇಕು ಅನ್ನೋದು ವೇಗದ ಪ್ರಶ್ನೆಯಲ್ಲ, ಕಣ್ಣಿನ ಪ್ರಶ್ನೆ. ಜರಿ ಅಂಚಿನ ಮಿಂಚು ಉಳಿಸೋಕೆ ಹೋದರೆ ಮುಖ ಕಪ್ಪಾಗುತ್ತೆ. ನಾನಂತೂ ಮುಖದ ಪರ. ಮತ್ತೆ, ಮೂಲ ಫೈಲನ್ನು ಅಳಿಸಬೇಡಿ: ಒಮ್ಮೆ ಕತ್ತರಿಸಿದ ಮಿಂಚು ಹೊಸ ಫೈಲಿನಿಂದ ವಾಪಸ್ ಬರಲ್ಲ, ನಾಳೆ ಮನೆಗೆ ಎಚ್‌ಡಿಆರ್ ಟಿವಿ ಬಂದರೂ.