ಅಮ್ಮ ಲೆಕ್ಕ ಕಲಿಯುವಾಗ

ಬಾಣಾವರದ ಸುತ್ತಿನ ತೆಂಗಿನ ಹಳ್ಳಿಗಳಲ್ಲೂ, ನಾಡಿನ ಎಲ್ಲ ಕಡೆಯೂ, ಶಾಲೆಗೆ ಹೊರಟ ಮಗುವಿಗೆ ಹೆತ್ತವರು ಹೇಳುವ ಮಾತೊಂದಿದೆ: ‘ನಮ್ ಕಾಲ ಮುಗೀತು, ನೀನಾದ್ರೂ ಓದಿ ಮುಂದಕ್ಕೆ ಬಾ.’ ಅದರಲ್ಲಿ ಪ್ರೀತಿಯಿದೆ, ಕೊಬ್ಬರಿ ಮಾರಿದ ದುಡ್ಡಲ್ಲಿ ಫೀಸು ಕಟ್ಟಿದ ಕಷ್ಟವಿದೆ. ಆದರೂ ಆ ಮಾತು ನನ್ನನ್ನು ಕಾಡುತ್ತದೆ. ವಯಸ್ಸಾದ ಮೇಲೆ ಕಲಿಯಲಾಗದು ಎಂಬ ತೀರ್ಪನ್ನೂ, ಮನೆಯವರ ಆಸೆಯನ್ನೆಲ್ಲ ತಾನೇ ಹೊರಬೇಕೆಂಬ ಭಾರವನ್ನೂ ಮಗು ಅದರಲ್ಲಿ ಕೇಳಿಸಿಕೊಳ್ಳುತ್ತದೆ.

ಬೆನ್ನು ತಟ್ಟಿದರೆ ಆತ್ಮವಿಶ್ವಾಸ ಬರುತ್ತದೆ ಎಂದುಕೊಂಡಿದ್ದೇವೆ. ಆದರೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದನ್ನು ವಿವರಿಸುವಾಗ ಹುರಿದುಂಬಿಸುವ ಮಾತಿಗಿಂತ ಮೊದಲು ಎರಡನ್ನು ಇಟ್ಟರು: ತಾನೇ ಮಾಡಿ ಗೆದ್ದದ್ದು, ಬೇರೆಯವರು ಪಟ್ಟುಬಿಡದೆ ಗೆದ್ದದ್ದನ್ನು ಕಣ್ಣಾರೆ ಕಂಡದ್ದು. 2017ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು 15 ತಿಂಗಳ ಕೂಸುಗಳಲ್ಲೇ ಈ ಎರಡನೆಯದನ್ನು ಕಂಡರು. ಡಬ್ಬಿಯೊಳಗಿನ ಆಟಿಕೆಯನ್ನು ದೊಡ್ಡವರು ಕೆಲವು ಕೂಸುಗಳೆದುರು ಸಲೀಸಾಗಿ ತೆಗೆದರು. ಇನ್ನು ಕೆಲವಕ್ಕೆ ಹೆಣಗಾಡಿ ತೆಗೆದು ತೋರಿಸಿದರು. ಆಮೇಲೆ ಗುಂಡಿ ಒತ್ತಿದರೂ ಹಾಡದ ಆಟಿಕೆ ಕೈಗೆ ಕೊಟ್ಟಾಗ, ಹೆಣಗಾಟ ಕಂಡ ಕೂಸುಗಳೇ ಹೆಚ್ಚು ಸಲ ಒತ್ತಿದವು.

ನಮ್ಮ ಮಕ್ಕಳಿಗೆ ಇಂಥ ಹೆಣಗಾಟ ಕಾಣಸಿಕ್ಕಿದ್ದು ಮುಖ್ಯವಾಗಿ ಅಮ್ಮಂದಿರಲ್ಲಿ. 2000–01ರಲ್ಲಿ ಸ್ವಸಹಾಯ ಸಂಘಗಳ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ, ಹೆಬ್ಬೆಟ್ಟು ಒತ್ತುತ್ತಿದ್ದ ಎಷ್ಟೋ ಹೆಂಗಸರು ರುಜು ಕಲಿತರು, ಸಂಘದ ನಡಾವಳಿ ಪುಸ್ತಕ ಹಿಡಿದರು. ಸಾಲದ ಕಂತಿನ ಲೆಕ್ಕ ತಪ್ಪಿ, ಅಳಿಸಿ, ಮತ್ತೆ ಕೂಡುವ ಅಮ್ಮನ ಪಕ್ಕದಲ್ಲೇ ಕೂತು ಮಗ್ಗಿ ಬರೆಯುವ ಹುಡುಗಿಗೆ ಗಣಿತದ ಹೆದರಿಕೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ ಎಂಬುದು ನನ್ನ ನಂಬಿಕೆ.

ಪಂಚಾಯಿತಿಯ ಮಾತೂ ಇದೇ. 1987ರ ಚುನಾವಣೆಯಲ್ಲಿ ಕರ್ನಾಟಕ ಹೆಂಗಸರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 2010ರಲ್ಲಿ ಅದು ಅರ್ಧಕ್ಕೇರಿತು. ಸದಸ್ಯೆ ಅವಳು, ಅಧಿಕಾರ ಗಂಡನದು ಎಂಬ ದೂರು ಹಲವೆಡೆ ನಿಜ. ಅಲ್ಲಿ ಮಗಳು ಕಲಿಯುವ ಪಾಠವೂ ಬೇರೆಯೇ. ಆದರೆ ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನ ಭರವಸೆ ಕೊಡುತ್ತದೆ. ಎರಡು ಅವಧಿಗೆ ಪಂಚಾಯಿತಿಗೆ ಮಹಿಳಾ ಪ್ರಧಾನರಿದ್ದ ಕಡೆ, ತಮ್ಮ ಮುಂದಿನ ಬದುಕಿನ ಬಗ್ಗೆ ಹದಿಹರೆಯದ ಹುಡುಗ–ಹುಡುಗಿಯರ ಆಸೆಗಳ ನಡುವಿದ್ದ ಅಂತರ ಶೇ 32ರಷ್ಟು ತಗ್ಗಿತ್ತು. ಊರಿನ ಹೆಂಗಸೊಬ್ಬಳು ಬೆಳೆದದ್ದರಿಂದಲೇ ಇಷ್ಟಾದರೆ, ಸ್ವಂತ ತಾಯಿ ಬೆಳೆದರೆ?

ಅಪ್ಪಂದಿರಿಗೂ ಇದರಲ್ಲಿ ಪಾಲಿದೆ. ‘ನಂಗೊತ್ತಿಲ್ಲ ಮಗ, ಇಬ್ರೂ ನೋಡೋಣ ಬಾ’ ಎನ್ನಲು ಅನೇಕರಿಗೆ ಬಾಯಿ ಬರುವುದಿಲ್ಲ. ತಾನು ಕಲಿತದ್ದನ್ನೇ ಅಳತೆಗೋಲು ಮಾಡಿಕೊಂಡು ‘ನಾನೇ ಕಲ್ತೆ, ನಿಂಗೇನ್ ರೋಗ?’ ಎನ್ನುವುದಂತೂ ಕಲಿತದ್ದನ್ನೆಲ್ಲ ಹಾಳು ಮಾಡುತ್ತದೆ.

ತೋಟ, ಹಸು, ಒಲೆಯ ನಡುವೆ ಸಿಕ್ಕಿರುವ ತಾಯಿಗೆ ‘ಬೆಳೆ’ ಎಂದು ಹೇಳಿದರೆ ಸಾಲದು, ಬಿಡುವು ಕೊಡಬೇಕು. ಪಂಚಾಯಿತಿ ಗ್ರಂಥಾಲಯಗಳು ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಂಡವು. ಅವು ಅಮ್ಮಂದಿರ ಹೆಸರನ್ನೂ ಬರೆದುಕೊಳ್ಳಲಿ, ಅವರ ಕೆಲಸ ಮುಗಿಯುವ ಹೊತ್ತಿಗೂ ಬಾಗಿಲು ತೆರೆದಿರಲಿ. ಆ ಹೊತ್ತಿನಲ್ಲಿ ಅಡುಗೆಮನೆಯನ್ನು ಗಂಡಸರು ನೋಡಿಕೊಳ್ಳಲಿ.