ಮದುವೆಯ ಚಿತ್ರಗಳೂ ಗೃಹಸ್ಥರ ವಿಳಂಬವೂ

ಚಪ್ಪರವನ್ನು ಇಳಿಸಿಯಾಯಿತು. ಅಡಿಗೆಯವರ, ಓಲಗದವರ, ಪುರೋಹಿತರ ಲೆಕ್ಕಗಳೆಲ್ಲ ತೀರಿದುವು. ವಧೂವರರು ಹೊಸ ಸಂಸಾರ ಹೂಡಿ ವರ್ಷ ತುಂಬಿತು. ಆದರೆ ಆ ಮದುವೆಯಲ್ಲಿ ಎರಡು ದಿನ ನಿಂತ ಕಾಲಿನಲ್ಲಿಯೇ ದುಡಿದ ಒಬ್ಬಾತನ ಲೆಕ್ಕ ಮಾತ್ರ ಇನ್ನೂ ತೀರಿಲ್ಲ. ಆತನೇ ಛಾಯಾಗ್ರಾಹಕ. ಆಲ್ಬಮಿನಲ್ಲಿ ಯಾವ ಯಾವ ಚಿತ್ರಗಳು ಇರಬೇಕೆಂಬುದನ್ನು ಮದುವೆಯ ಮನೆಯವರು ಗುರುತಿಸಿ ತಿಳಿಸಿಲ್ಲ. ತಿಳಿಸದ ಹೊರತು ಆಲ್ಬಂ ಸಿದ್ಧವಾಗುವಂತಿಲ್ಲ. ಆಲ್ಬಂ ಕೈಸೇರದ ಹೊರತು ಬಾಕಿ ಹಣ ಕೊಡುವ ವಾಡಿಕೆಯಿಲ್ಲ. ಹೀಗೆ ಒಬ್ಬರ ಆಲಸ್ಯವು ಮತ್ತೊಬ್ಬರ ಅನ್ನಕ್ಕೆ ಬೀಗ ಹಾಕಿ ಕುಳಿತಿರುವ ಸಂಗತಿಯು ನಮ್ಮ ಪಟ್ಟಣಗಳಲ್ಲಿ ದಿನೇ ದಿನೇ ಹೆಚ್ಚಾಗಿ ಕಂಡುಬರುತ್ತಲಿದೆ.

ಇದೊಂದು ಅಲ್ಪವಿಷಯ, ಸಂಪಾದಕೀಯ ಸ್ತಂಭಕ್ಕೆ ತಕ್ಕುದಲ್ಲ ಎಂದು ವಾಚಕ ಮಹಾಶಯರಲ್ಲಿ ಕೆಲವರು ಭಾವಿಸಬಹುದು. ನಾವು ಹಾಗೆ ಭಾವಿಸುವುದಿಲ್ಲ. ನಮ್ಮ ಪ್ರತಿಯೊಂದು ತಾಲ್ಲೂಕು ಪಟ್ಟಣದಲ್ಲಿಯೂ ಸಾಲ ಮಾಡಿ ಕ್ಯಾಮೆರಾ ಕೊಂಡು, ಸಣ್ಣದೊಂದು ಸ್ಟುಡಿಯೋ ಇಟ್ಟು, ಮುಹೂರ್ತದ ದಿನಗಳನ್ನೇ ನಂಬಿ ಸಂಸಾರ ತೂಗಿಸುವ ಕಸುಬುದಾರರು ಇದ್ದಾರೆ. ದೊಡ್ಡ ವ್ಯಾಪಾರಿಗೆ ಹತ್ತು ಬಾಕಿಗಳು ನಿಂತರೂ ಬಾಧೆಯಿಲ್ಲ. ಸಣ್ಣ ಕಸುಬುದಾರನಿಗೆ ಮೂರು ಬಾಕಿಗಳು ನಿಂತರೆ ಅಂಗಡಿಯ ಬಾಡಿಗೆಯೇ ನಿಲ್ಲುತ್ತದೆ. ಆದುದರಿಂದ ಇದು ನ್ಯಾಯದ ವಿಷಯವೆಂದೇ ಎಣಿಸಿ ನಾಲ್ಕು ಮಾತು ಬರೆಯುತ್ತೇವೆ.

ಹಿಂದೆ ಈ ತೊಡಕು ಇರಲಿಲ್ಲ. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾದ ಜಾತಿಯನ್ನನುಸರಿಸಿ ಒಂದು ಸುರುಳಿಗೆ ೧೨ ಅಥವಾ ೩೬ ಚಿತ್ರಗಳಷ್ಟೇ ದೊರೆಯುತ್ತಿದ್ದುವು. ಗುಂಡಿಯನ್ನೊತ್ತಿದ ಪ್ರತಿಯೊಂದು ಬಾರಿಯೂ ಕಾಸು ಖರ್ಚು. ಆದ ಕಾರಣ ಛಾಯಾಗ್ರಾಹಕನು ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಆರತಕ್ಷತೆ ಎಂದು ಎಣಿಸಿ ಎಣಿಸಿ ತೆಗೆಯುತ್ತಿದ್ದನು. ತೊಳೆದು ಅಚ್ಚು ಹಾಕಿದುದರಲ್ಲಿ ಚೆನ್ನಾದುವನ್ನು ತಾನೇ ಆರಿಸಿ, ಆಲ್ಬಮಿನಲ್ಲಿ ಅಂಟಿಸಿ ತಂದೊಪ್ಪಿಸಿ ಹಣ ಪಡೆದುಕೊಂಡು ಹೋಗುತ್ತಿದ್ದನು. ಆರಿಸುವ ಹೊಣೆ ಬಹುಮಟ್ಟಿಗೆ ಕಸುಬುದಾರನದಾಗಿತ್ತು.

ಈಗ ಡಿಜಿಟಲ್ ಕ್ಯಾಮೆರಾ ಬಂದು ಈ ಕ್ರಮವು ತಲೆಕೆಳಗಾಗಿದೆ. ಇಬ್ಬರು ಮೂವರು ಸೇರಿ ಒಂದು ಮದುವೆಯಲ್ಲಿ ಸಾವಿರಗಟ್ಟಲೆ ಚಿತ್ರಗಳನ್ನು ತೆಗೆಯುತ್ತಾರೆ. ಅವೆಲ್ಲವನ್ನೂ ಒಂದು ಪೆನ್‌ಡ್ರೈವಿನಲ್ಲಿ ತುಂಬಿ ಮನೆಯವರ ಕೈಗೆ ಕೊಡುತ್ತಾರೆ. ಮನೆಯವರು ಒಂದೊಂದನ್ನೂ ನೋಡಿ, ತಮಗೆ ಬೇಕಾದುವುಗಳ ಸಂಖ್ಯೆಗಳನ್ನು ಪಟ್ಟಿ ಮಾಡಿ ಕಳುಹಿಸಬೇಕು. ಆ ಮೇಲೆ ವಿನ್ಯಾಸಗಾರನು ಕಂಪ್ಯೂಟರಿನಲ್ಲಿ ಪುಟಗಳನ್ನು ಜೋಡಿಸಿ, ಮಾದರಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಬಂದ ಬಳಿಕವೇ ಲ್ಯಾಬಿನಲ್ಲಿ ಅಚ್ಚು, ಬೈಂಡು. ಹನ್ನೆರಡು ಅಂಗುಲ ಎತ್ತರವೂ ತೆರೆದಾಗ ಮೂವತ್ತಾರು ಅಂಗುಲ ಅಗಲವೂ ಉಳ್ಳ ಕರಿಷ್ಮಾ ಆಲ್ಬಂ ಎಂಬುದು ಇಂದು ಮಧ್ಯಮವರ್ಗದ ಮನೆಗಳಲ್ಲಿಯೂ ವಾಡಿಕೆಯಾಗಿದೆ. ಒಮ್ಮೆ ಅಚ್ಚಾದರೆ ಅದರ ಒಂದು ಮುಖವನ್ನೂ ಬದಲಿಸುವಂತಿಲ್ಲ. ಈ ಸರಪಳಿಯಲ್ಲಿ ಎಲ್ಲ ಕೊಂಡಿಗಳೂ ಸಿದ್ಧವಾಗಿದ್ದು, ಮನೆಯವರ ಪಟ್ಟಿಯೆಂಬ ಮೊದಲನೆಯ ಕೊಂಡಿಯೊಂದೇ ಇಲ್ಲದಿರುವುದು ಇಂದಿನ ಕಷ್ಟಕ್ಕೆ ಮೂಲವಾಗಿದೆ.

ಗೃಹಸ್ಥರು ವಿಳಂಬ ಮಾಡುವುದಕ್ಕೆ ಕಾರಣಗಳಿಲ್ಲವೆಂದು ನಾವು ಹೇಳುವುದಿಲ್ಲ. ಮೂರು ಸಾವಿರ ಚಿತ್ರಗಳಲ್ಲಿ ನೂರೈವತ್ತನ್ನು ಆರಿಸುವುದೆಂದರೆ ಸುಲಭವಲ್ಲ. ಒಂದೇ ಭಂಗಿಯ ಹತ್ತು ಚಿತ್ರಗಳಲ್ಲಿ ಒಂಬತ್ತನ್ನು ಬಿಡಬೇಕಾಗಿ ಬಂದಾಗ ಎಂಥವನಿಗೂ ಕೈ ತಡೆಯುತ್ತದೆ. ವರನಿಗೆ ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಉದ್ಯೋಗ. ವಧುವಿಗೆ ಹೊಸ ಮನೆಯ ಹೊಣೆ. ಇನ್ನು ಬಂಧುಗಳ ಪ್ರಶ್ನೆ. ಬೀಗರ ಕಡೆಯ ಚಿತ್ರಗಳು ಇಪ್ಪತ್ತಾಗಿ ನಮ್ಮ ಕಡೆಯವು ಹನ್ನೆರಡೇ ಆದರೆ ಹೇಗೆ? ಸೋದರಮಾವನನ್ನು ಬಿಟ್ಟರೆ ಅವರು ಏನೆಂದಾರು? ಹೀಗೆ ಒಂದು ಆಲ್ಬಮಿನ ಹಾಳೆಗಳ ಮೇಲೆ ಎರಡು ಮನೆತನಗಳ ಮಾನ ಮರ್ಯಾದೆಗಳ ತೂಕ ಕುಳಿತುಬಿಡುತ್ತದೆ. ಯಾರನ್ನೂ ನೋಯಿಸದ ಉಪಾಯವೆಂದರೆ ಮುಂದಕ್ಕೆ ಹಾಕುವುದು. ಮತ್ತೂ ಒಂದು ಕಾರಣವುಂಟು. ಬಾಯಿಬಿಟ್ಟು ಹೇಳುವವರು ಕಡಿಮೆ. ಮದುವೆಯ ಖರ್ಚಿನಲ್ಲಿ ಕೈ ಬರಿದಾಗಿರುತ್ತದೆ. ಪಟ್ಟಿ ಕೊಟ್ಟರೆ ಆಲ್ಬಂ ಬರುತ್ತದೆ, ಆಲ್ಬಂ ಬಂದರೆ ಹಣ ಕೊಡಬೇಕಾಗುತ್ತದೆ. ಆದುದರಿಂದ ಪಟ್ಟಿಯೇ ಹೊರಡುವುದಿಲ್ಲ.

ಈ ಕಾರಣಗಳಲ್ಲಿ ಕೆಲವಕ್ಕೆ ನಮ್ಮ ಸಹಾನುಭೂತಿಯಿದೆ. ಆದರೆ ಇವುಗಳ ಭಾರವನ್ನು ಹೊರತಕ್ಕವನು ಛಾಯಾಗ್ರಾಹಕನೇ ಏಕೆ? ಆತನ ನಷ್ಟವು ಬಾಕಿ ಹಣವೊಂದರಲ್ಲಿಯೇ ಮುಗಿಯುವುದಿಲ್ಲ. ಸಹಾಯಕರಿಗೆ ಆತನು ಅಂದೇ ಕೂಲಿ ಕೊಟ್ಟಿರುತ್ತಾನೆ. ಎರಡು ವರ್ಷದ ಹಿಂದೆ ಒಪ್ಪಿದ ದರದಲ್ಲಿ ಇಂದಿನ ಕಾಗದವನ್ನೂ ಇಂದಿನ ಅಚ್ಚನ್ನೂ ಕೊಡಬೇಕಾಗುತ್ತದೆ. ಆ ಚಿತ್ರಗಳನ್ನು ಹಾರ್ಡ್ ಡಿಸ್ಕಿನಲ್ಲಿ ಕಾಪಾಡಿಕೊಂಡಿರಬೇಕಾಗುತ್ತದೆ. ಆ ಯಂತ್ರವಾದರೂ ಅಕ್ಷಯವಲ್ಲ, ಒಂದು ದಿನ ಕೆಟ್ಟಿತೆಂದರೆ ಅಪಕೀರ್ತಿ ಆತನಿಗೇ. ಇಷ್ಟೆಲ್ಲ ಆದ ಮೇಲೆ, ಹದಿನೆಂಟು ತಿಂಗಳು ಸುಮ್ಮನಿದ್ದ ಗೃಹಸ್ಥರು ಒಂದು ದಿನ ಪಟ್ಟಿ ಕಳುಹಿಸಿ, ಮುಂದಿನ ಭಾನುವಾರ ನಾಮಕರಣವಿದೆ, ಅಷ್ಟರೊಳಗೆ ಆಲ್ಬಂ ಬೇಕೆಂದು ಆಜ್ಞಾಪಿಸುತ್ತಾರೆ. ಅದು ಮದುವೆಗಳ ಸುಗ್ಗಿಯ ಕಾಲವಾಗಿದ್ದರೆ ಆತನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಈ ಸಂಕಟವನ್ನು ನಾವು ಬಲ್ಲೆವು. ನಮ್ಮ ಯೌವನದಲ್ಲಿ ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುವ ಪದ್ಧತಿ ಇನ್ನೂ ಉಳಿದಿತ್ತು. ಗ್ರಂಥಕರ್ತರೊಬ್ಬರು ಕರಡಚ್ಚನ್ನು ತೆಗೆದುಕೊಂಡು ಹೋಗಿ ಐದು ತಿಂಗಳು ಹಿಂದಿರುಗಿಸಲಿಲ್ಲ. ಅವರ ಹದಿನಾರು ಪುಟಗಳಲ್ಲಿ ನಮ್ಮ ಮೊಳೆಗಳೆಲ್ಲ ಕಟ್ಟುಬಿದ್ದು, ಬೇರೆಯವರ ಕೆಲಸಕ್ಕೆ ಅಕ್ಷರವೇ ಇಲ್ಲದಂತಾಯಿತು. ಅವರು ಸಜ್ಜನರು, ನಮಗೆ ಕೇಡು ಬಗೆದವರಲ್ಲ. ತಮ್ಮ ವಿಳಂಬದಿಂದ ಬೇರೊಬ್ಬರ ಕೈ ಕಟ್ಟಿಹೋಗಿದೆಯೆಂಬುದು ಅವರಿಗೆ ಹೊಳೆದೇ ಇರಲಿಲ್ಲ. ಇಂದಿನ ಗೃಹಸ್ಥರಲ್ಲಿ ಬಹುಮಂದಿಯ ಸ್ಥಿತಿಯೂ ಇದೇ ಎಂದು ನಾವು ನಂಬಿದ್ದೇವೆ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ೧೮೭೨ರ ಭಾರತೀಯ ಕರಾರು ಕಾಯಿದೆಯ ೪೬ನೆಯ ಪ್ರಕರಣವು, ಅವಧಿಯನ್ನು ಗೊತ್ತುಮಾಡದಿರುವ ಕರಾರನ್ನು ಯುಕ್ತವಾದ ಕಾಲದೊಳಗೆ ನೆರವೇರಿಸತಕ್ಕದ್ದೆಂದು ವಿಧಿಸುತ್ತದೆ. ೬೭ನೆಯ ಪ್ರಕರಣವು ಇನ್ನೂ ಹತ್ತಿರಕ್ಕೆ ಬರುತ್ತದೆ. ಕೆಲಸ ಮಾಡಿಸಿಕೊಳ್ಳುವವನು ಅದಕ್ಕೆ ಬೇಕಾದ ಅನುಕೂಲವನ್ನು ಒದಗಿಸದೆ ಉಪೇಕ್ಷೆ ಮಾಡಿದರೆ, ಅದರಿಂದುಂಟಾದ ಲೋಪಕ್ಕೆ ಕೆಲಸಗಾರನು ಹೊಣೆಯಲ್ಲ. ಮನೆಯ ರಿಪೇರಿಗೆ ಒಪ್ಪಿಕೊಂಡವನಿಗೆ ಯಾವ ಯಾವ ಸ್ಥಳದಲ್ಲಿ ರಿಪೇರಿಯಾಗಬೇಕೆಂದು ಮನೆಯೊಡೆಯನು ತೋರಿಸದಿರುವುದನ್ನೇ ಕಾಯಿದೆಯು ದೃಷ್ಟಾಂತವಾಗಿ ಕೊಟ್ಟಿದೆ. ಯಾವ ಚಿತ್ರ ಬೇಕೆಂದು ಹೇಳದ ಗೃಹಸ್ಥನಿಗೂ ಆ ಮನೆಯೊಡೆಯನಿಗೂ ಏನು ಭೇದ? ಇದನ್ನು ಛಾಯಾಗ್ರಾಹಕರು ತಿಳಿದಿರುವುದು ಒಳ್ಳೆಯದು. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ೧೯೬೩ರ ಕಾಲಮಿತಿ ಕಾಯಿದೆಯು ಸಾಮಾನ್ಯವಾಗಿ ಮೂರು ವರ್ಷಗಳನ್ನು ಮಾತ್ರ ಕೊಟ್ಟಿದೆಯೆಂಬುದನ್ನೂ ತಿಳಿದಿರಬೇಕು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಕಾಯುತ್ತ ಕುಳಿತವನು ಎದುರುಪಕ್ಷದ ವಕೀಲರಿಗೆ ತಾನೇ ವಾದವನ್ನು ಒದಗಿಸಿದಂತಾಗುತ್ತದೆ.

ಆದರೆ ಮುನ್ನೂರು ಮದುವೆಗಳ ಊರಿನಲ್ಲಿ ಮೂವರ ಮೇಲೆ ದಾವೆ ಹೂಡಿದವನಿಗೆ ನಾಲ್ಕನೆಯ ಮದುವೆ ದೊರೆಯುವುದಿಲ್ಲವೆಂಬ ಲೋಕಾನುಭವವೂ ನಮಗಿದೆ. ಕಚೇರಿಗೆ ಹೋಗುವುದಕ್ಕಿಂತ ಮೊದಲೇ ಕರಾರನ್ನು ಸರಿಯಾಗಿ ಬರೆದುಕೊಳ್ಳುವುದು ವಿವೇಕ. ಇಲ್ಲಿ ಛಾಯಾಗ್ರಾಹಕರ ತಪ್ಪನ್ನೂ ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಅವರಲ್ಲಿ ಬಹುಮಂದಿ ಬಾಯಿಮಾತಿನ ಮೇಲೆಯೇ ವ್ಯವಹರಿಸುತ್ತಾರೆ. ಕಣ್ಣು ಮುಚ್ಚಿದ ಚಿತ್ರ, ಮಸುಕಾದ ಚಿತ್ರ, ಒಂದೇ ಬಗೆಯ ಇಪ್ಪತ್ತು ಚಿತ್ರ, ಎಲ್ಲವನ್ನೂ ಸೋಸದೆ ತಂದು ಸುರಿಯುತ್ತಾರೆ. ಕಾಳನ್ನೂ ಜೊಳ್ಳನ್ನೂ ಕೇರದೆ ಕೊಟ್ಟು, ನೀವೇ ಆರಿಸಿಕೊಳ್ಳಿರೆಂದರೆ ಕೊಂಡವನು ತಡ ಮಾಡದೆ ಇನ್ನೇನು ಮಾಡಿಯಾನು? ಇನ್ನು ಕೆಲವರು ಪಟ್ಟಿ ಕೈಸೇರಿದ ಮೇಲೆ ತಾವೇ ಆರು ತಿಂಗಳು ಮಲಗಿಬಿಡುತ್ತಾರೆ. ಬಾಕಿಗಾಗಿ ಚಿತ್ರಗಳನ್ನೆಲ್ಲ ಅಳಿಸಿಬಿಡುವೆವೆಂದು ಹೆದರಿಸುವವರೂ ಇಲ್ಲದಿಲ್ಲ. ಇದು ಸರ್ವಥಾ ಸಲ್ಲದು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರದೆಂದು ೧೯೫೭ರ ಕೃತಿಸ್ವಾಮ್ಯ ಕಾಯಿದೆಯೇ ಹೇಳುತ್ತದೆ. ಒಬ್ಬರ ಮನೆಯ ಮಂಗಳಕಾರ್ಯದ ನೆನಪನ್ನು ಒತ್ತೆಯಾಗಿ ಹಿಡಿಯುವುದು ಕಸುಬಿನ ಗೌರವಕ್ಕೂ ಕುಂದು.

ಹಾಗಾದರೆ ಮಾಡತಕ್ಕುದೇನು? ನಮಗೆ ತೋರಿದ ಕೆಲವು ಸೂಚನೆಗಳನ್ನು ಉಭಯ ಪಕ್ಷದವರ ಮುಂದಿಡುತ್ತೇವೆ. ಮೊದಲನೆಯದಾಗಿ, ಮುಂಗಡ ಪಡೆಯುವ ದಿನವೇ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಕರಾರು ಬರೆದು ಇಬ್ಬರೂ ರುಜು ಮಾಡಲಿ. ಆಲ್ಬಮಿನ ಹಾಳೆಗಳ ಸಂಖ್ಯೆ, ಪಟ್ಟಿ ಕೊಡಬೇಕಾದ ಅವಧಿ, ಪಟ್ಟಿ ಬಂದ ಮೇಲೆ ಆಲ್ಬಂ ಒಪ್ಪಿಸಬೇಕಾದ ಅವಧಿ, ಚಿತ್ರಗಳನ್ನು ಎಷ್ಟು ಕಾಲ ಕಾಪಾಡಲಾಗುವುದೆಂಬುದು, ಗಡುವು ಮೀರಿದರೆ ಅಂದಿನ ದರವೇ ಅನ್ವಯಿಸುವುದೆಂಬುದು, ಇಷ್ಟೂ ಅದರಲ್ಲಿರಲಿ. ಎರಡನೆಯದಾಗಿ, ಹಣವನ್ನು ಮೂರು ಪಾಲು ಮಾಡಿ, ಒಂದನ್ನು ಮುಂಗಡವಾಗಿಯೂ, ಒಂದನ್ನು ಮದುವೆಯ ದಿನವೂ, ಉಳಿದುದನ್ನು ಚಿತ್ರಗಳನ್ನು ಒಪ್ಪಿಸಿದ ದಿನವೂ ಪಡೆಯುವ ಪದ್ಧತಿ ಬರಲಿ. ಆಲ್ಬಮಿನ ಅಚ್ಚಿನ ಖರ್ಚು ಮಾತ್ರ ಕೊನೆಗೆ ಉಳಿಯಲಿ. ದುಡಿಮೆಯ ಕೂಲಿಗೂ ಆಲ್ಬಮಿನ ಬೆಲೆಗೂ ಇರುವ ಗಂಟನ್ನು ಬಿಚ್ಚಿದರೆ ಅರ್ಧ ಕಷ್ಟ ಪರಿಹಾರವಾಗುತ್ತದೆ. ಮೂರನೆಯದಾಗಿ, ಛಾಯಾಗ್ರಾಹಕನೇ ತನ್ನ ಕಣ್ಣಿಗೆ ಉತ್ತಮವೆನಿಸಿದ ಚಿತ್ರಗಳಿಂದ ಮೊದಲ ಮಾದರಿಯನ್ನು ಸಿದ್ಧಪಡಿಸಿ ಮನೆಯವರ ಮುಂದಿಡಲಿ. ಬರಿಯ ಹಾಳೆಯಲ್ಲಿ ಬರೆಯುವುದಕ್ಕಿಂತ ಬರೆದುದನ್ನು ತಿದ್ದುವುದು ಎಲ್ಲರಿಗೂ ಸುಲಭ. ನಾಲ್ಕನೆಯದಾಗಿ, ಎರಡೂ ಕಡೆಯವರ ಪರವಾಗಿ ಪಟ್ಟಿ ಕೊಡುವವರು ಯಾರೋ ಒಬ್ಬರೇ ಎಂದು ಮೊದಲೇ ಗೊತ್ತುಮಾಡಿಕೊಳ್ಳಲಿ. ವಧುವಿಗೇ ಆ ಅಧಿಕಾರವನ್ನು ಕೊಟ್ಟರೆ ಇನ್ನೂ ಉಚಿತ.

ಗಡುವನ್ನು ಯಾವಾಗ ಇಡಬೇಕೆಂಬ ಪ್ರಶ್ನೆಗೆ ನಮ್ಮ ಪಂಚಾಂಗವೇ ಉತ್ತರ ಕೊಡುತ್ತದೆ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಬಹುತೇಕ ಮನೆಗಳಲ್ಲಿ ಮದುವೆಗಳು ನಡೆಯುವುದಿಲ್ಲ. ಛಾಯಾಗ್ರಾಹಕನಿಗೆ ಬಿಡುವಿರುವ ಕಾಲವೇ ಅದು. ಹಳೆಯ ಮೈಸೂರು ಸೀಮೆಯಲ್ಲಿ ಮೊದಲ ಆಷಾಢಕ್ಕೆ ಮದುಮಗಳನ್ನು ತವರಿಗೆ ಕರೆಸಿಕೊಳ್ಳುವ ಪದ್ಧತಿಯೂ ಉಂಟು. ತವರಿನ ಜಗಲಿಯಲ್ಲಿ ತಾಯಿ, ಅಜ್ಜಿ, ತಂಗಿಯರ ನಡುವೆ ಕುಳಿತು ಮದುವೆಯ ಚಿತ್ರಗಳನ್ನು ಆರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಎಲ್ಲಿ ದೊರೆತೀತು? ವೈಶಾಖ ಜ್ಯೇಷ್ಠಗಳ ಮದುವೆಗೆ ಆಷಾಢದ ಅಮಾವಾಸ್ಯೆಯೂ, ಕಾರ್ತಿಕದ ಮದುವೆಗೆ ಸಂಕ್ರಾಂತಿಯೂ ಗಡುವೆಂದು ಊರೂರಿನ ಛಾಯಾಗ್ರಾಹಕರ ಸಂಘಗಳು ನಿಶ್ಚಯಿಸಿಕೊಂಡರೆ, ಒಬ್ಬೊಬ್ಬರೇ ಗಿರಾಕಿಯೊಡನೆ ನಿಷ್ಠುರ ಕಟ್ಟಿಕೊಳ್ಳುವ ಪ್ರಮೇಯವೂ ತಪ್ಪುತ್ತದೆ.

ಕೊನೆಯದಾಗಿ ಗೃಹಸ್ಥರಿಗೆ ಒಂದು ಮಾತು. ಆಲ್ಬಮಿನ ವಿಳಂಬದಿಂದ ಹೆಚ್ಚು ಕಳೆದುಕೊಳ್ಳುವವರು ತಾವೇ. ಮದುವೆಯ ಚಿತ್ರಗಳನ್ನು ನೋಡಬೇಕೆಂಬ ಹಂಬಲ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿರುವುದು ಹಿರಿಯರಿಗೆ. ಅವರಿಗೆ ಪೆನ್‌ಡ್ರೈವು ತಿಳಿಯದು. ಮೊಬೈಲಿನ ಪುಟ್ಟ ಚಿತ್ರ ಕಣ್ಣಿಗೆ ಹತ್ತದು. ಮಡಿಲ ಮೇಲೆ ಇಟ್ಟುಕೊಂಡು ಹಾಳೆ ಮಗುಚುವ ಪುಸ್ತಕವೊಂದೇ ಅವರಿಗೆ ಬೇಕಾದುದು. ಅಕ್ಷತೆ ಹಾಕಿ ಹರಸಿದ ಅಜ್ಜಿಯು ತಿಂಗಳು ತಿಂಗಳೂ, ಫೋಟೋ ಬಂತೇ ಎಂದು ಕೇಳಿ ಕೇಳಿ, ಕಡೆಗೆ ಅದನ್ನು ನೋಡದೆಯೇ ತೀರಿಕೊಂಡ ಮನೆಗಳನ್ನು ನಾವು ಬಲ್ಲೆವು. ಆ ಬಳಿಕ ಅದೇ ಮನೆಯವರು ಸ್ಟುಡಿಯೋಗೆ ಓಡಿಬಂದು ಆಕೆಯ ಚಿತ್ರವೊಂದನ್ನು ದೊಡ್ಡದಾಗಿ ಮಾಡಿಕೊಡಬೇಕೆಂದು ಬೇಡಿಕೊಳ್ಳುತ್ತಾರೆ. ಛಾಯಾಗ್ರಾಹಕನು ಬಾಕಿಯ ಮಾತೆತ್ತದೆ ಅದನ್ನು ಅಂದು ಸಂಜೆಯೊಳಗೆ ಮಾಡಿಕೊಡುತ್ತಾನೆ. ಆತನು ತೋರಿಸುವ ಆ ದಾಕ್ಷಿಣ್ಯದಲ್ಲಿ ಅರ್ಧದಷ್ಟನ್ನಾದರೂ ನಾವು ಆತನಿಗೆ ತೋರಿಸಿದ್ದೇವೆಯೇ ಎಂಬುದನ್ನು ಪಟ್ಟಿ ಕಳುಹಿಸದೆ ಕುಳಿತಿರುವ ಮಹಾಶಯರು ಇಂದು ರಾತ್ರಿ ಊಟವಾದ ಮೇಲೆ ಯೋಚಿಸಲಿ. ಯೋಚಿಸಿ, ಆ ಪೆನ್‌ಡ್ರೈವನ್ನು ಬೀರುವಿನಿಂದ ಹೊರಕ್ಕೆ ತೆಗೆಯಲೆಂದು ನಮ್ಮ ಪ್ರಾರ್ಥನೆ.