ರಿಪೋರ್ಟ್ ಬರೆಯುವವಳು

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನನ್ನ ತಂಗಿಯ ಮಗಳು ದಸರಾ ರಜೆಗೆ ಬಂದಿದ್ದಳು. "ನಿನ್ನ ಪ್ರಾಜೆಕ್ಟ್ ಎಲ್ಲಿಗೆ ಬಂತೇ?" ಎಂದೆ.

"ನಂದೇನಿದೆ ದೊಡ್ಡಮ್ಮ, ನಾನು ರಿಪೋರ್ಟ್ ಬರೀತೀನಿ. ಸರ್ಕ್ಯೂಟೆಲ್ಲ ಹುಡುಗರು ನೋಡ್ಕೋತಾರೆ."

ನಾಲ್ಕು ಜನರ ಬ್ಯಾಚಿನಲ್ಲಿ ಅವಳೊಬ್ಬಳೇ ಹುಡುಗಿ. ಸೋಲ್ಡರಿಂಗ್ ಐರನ್ ಒಮ್ಮೆಯೂ ಕೈಗೆ ಬಂದಿಲ್ಲವಂತೆ! ನಾಳೆ ಕೆಲಸದ ಸಂದರ್ಶನದಲ್ಲಿ "ನೀವೇನು ಮಾಡಿದಿರಿ?" ಎಂದು ಕೇಳಿದರೆ ಈ ಹುಡುಗಿ ಏನು ಹೇಳಬೇಕು?

ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ. "ಬ್ಯಾಚ್ ನೀವೇ ಮಾಡಿಕೊಳ್ಳಿ, ಶುಕ್ರವಾರದೊಳಗೆ ಹೆಸರು ಕೊಡಿ" ಎಂದು ಕೈತೊಳೆದುಕೊಂಡ ಅವಳ ಮೇಷ್ಟ್ರ ಮೇಲೆ. ಇದಕ್ಕೆ ಅವರು ಸ್ವಾತಂತ್ರ್ಯವೆಂಬ ಹೆಸರು ಬೇರೆ ಇಟ್ಟಿದ್ದಾರೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಜಾಣರು ಜಾಣರ ಜೊತೆ, ಹಾಸ್ಟೆಲಿನವರು ಹಾಸ್ಟೆಲಿನವರ ಜೊತೆ ಸೇರುತ್ತಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗ, ಮಾತು ಕಡಿಮೆಯ ಹುಡುಗಿ ಎಲ್ಲೋ ಒಂದು ಕಡೆ ತುಂಬುವ ಜಾಗಕ್ಕಷ್ಟೇ ಆಗುತ್ತಾರೆ.

ಇದು ನನ್ನೊಬ್ಬಳ ಗೊಣಗಾಟವಲ್ಲ. ಅಮೆರಿಕದಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ ಬಾರ್ಬರಾ ಓಕ್ಲಿ, ರಿಚರ್ಡ್ ಫೆಲ್ಡರ್ ಮತ್ತು ಸಂಗಡಿಗರು 2004ರಲ್ಲೇ ಈ ಬಗ್ಗೆ ಬರೆದಿದ್ದಾರೆ. ತಂಡವನ್ನು ಅಧ್ಯಾಪಕರೇ ಕಟ್ಟಬೇಕು; ಮೂರು ನಾಲ್ಕು ಜನರಿರಲಿ, ಹೆಚ್ಚು ಕಲಿತವರೂ ಕಡಿಮೆ ಕಲಿತವರೂ ಬೆರೆತಿರಲಿ; ಎಲ್ಲರೂ ಕೂಡಿ ಕೂರಲು ಬಿಡುವಿನ ವೇಳೆ ಹೊಂದಬೇಕು. ಆರಂಭದ ವರ್ಷಗಳಲ್ಲಿ ಹುಡುಗರ ನಡುವೆ ಹುಡುಗಿಯನ್ನು ಒಂಟಿಯಾಗಿ ಹಾಕಬೇಡಿ, ಅವಳು ಮೂಲೆಗೆ ಸರಿಯುತ್ತಾಳೆ ಎನ್ನುತ್ತಾರೆ. ಯಾರು ಎಷ್ಟು ದುಡಿದರೆಂದು ತಂಡದವರಿಂದಲೇ ತಿಳಿದು ಅಂಕ ಹೊಂದಿಸಿ ಎಂಬುದೂ ಅವರ ಸಲಹೆ.

"ಸ್ನೇಹಿತರಿದ್ದರೆ ಕೆಲಸ ಸಲೀಸು" ಎನ್ನುವವರಿದ್ದಾರೆ. ಕೆಲಸ ಸಲೀಸಾಗಬಹುದು, ಕಲಿಕೆ? ನಾಳೆ ಕಾರ್ಖಾನೆಯಲ್ಲಿ ಪಕ್ಕದ ಮೇಜಿಗೆ ಬೇಕಾದವರನ್ನೇ ಕೂರಿಸಿಕೊಳ್ಳಲು ಬಿಡುತ್ತಾರೆಯೇ?

ತಾಯಂದಿರೇ, ಮಗಳನ್ನು "ಎಷ್ಟು ಮಾರ್ಕ್ಸ್ ಬಂತು?" ಎಂದು ಕೇಳುವ ಮೊದಲು "ನಿನ್ನ ಕೈಯಾರೆ ಏನು ಮಾಡಿದೆ?" ಎಂದು ಕೇಳಿ. ಮಗನನ್ನೂ ಕೇಳಿ: "ನಿಮ್ಮ ರಿಪೋರ್ಟ್ ಬರೆದವರು ಯಾರಪ್ಪಾ?" ಮನೆಯಲ್ಲಿ ಅವನು ಉಂಡ ತಟ್ಟೆಯನ್ನು ನಾವೇ ಎತ್ತುತ್ತಾ ಬಂದಿದ್ದರೆ ಅವನ ಉತ್ತರದಲ್ಲಿ ನಮ್ಮ ಪಾಲೂ ಇರುತ್ತದೆ.

ಹೊರಟ ಹುಡುಗಿಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ: "ರಿಪೋರ್ಟನ್ನು ನಾಲ್ಕು ಪಾಲು ಮಾಡು, ಒಂದು ನಿನ್ನದು. ಸರ್ಕ್ಯೂಟನ್ನೂ ನಾಲ್ಕು ಪಾಲು ಮಾಡಿಸು. ಅದರಲ್ಲೂ ಒಂದು ನಿನ್ನದೇ."